ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಷ್ಟು ಹೊತ್ತು?

2021ರ ಜನವರಿಯಲ್ಲಿ ನಮ್ಮ ನೆರೆಮನೆಯ ಹಿರಿಯರೊಬ್ಬರು ಪತ್ರಿಕೆ ಹಿಡಿದುಕೊಂಡೇ ಬಂದರು. ಅವರ ಮಗಳು ಇರುವುದು ಸ್ಯಾನ್ ಫ್ರಾನ್ಸಿಸ್ಕೋದ ಬಳಿ. ಅಲ್ಲಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ 9ರ ಶನಿವಾರ ರಾತ್ರಿ 8.30ಕ್ಕೆ ಹೊರಟು, 11ರ ಸೋಮವಾರ ಬೆಳಗಿನ ಜಾವ 3.45ಕ್ಕೆ ಇಳಿಯುತ್ತದೆಂದು ವೇಳಾಪಟ್ಟಿ ಹೇಳಿತ್ತು.

“ಮೇಷ್ಟ್ರೇ, ಮೂವತ್ತೊಂದು ಕಾಲು ಗಂಟೆ! ಎಲ್ಲೂ ಇಳಿಯದೆ ಅಷ್ಟು ಹೊತ್ತು ಹಾರಲು ಇಂಧನ ಸಾಲುತ್ತದೆಯೇ? ಮಗಳು ಇದರಲ್ಲೇ ಬರುತ್ತೇನೆ ಅಂದರೆ ಬೇಡ ಅನ್ನಲೇ?”

ಅವರ ಕಳೆಯುವ ಲೆಕ್ಕ ಸರಿಯಾಗಿತ್ತು. ಎರಡು ಊರುಗಳ ಗಡಿಯಾರವನ್ನು ಒಂದೇ ಎಂದು ತಿಳಿದದ್ದೇ ತಪ್ಪು. ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಗಂಟೆಗೆ 15 ಡಿಗ್ರಿ. ನಮ್ಮ ಗಡಿಯಾರಕ್ಕೆ ಆಧಾರ 82.5 ಡಿಗ್ರಿ ಪೂರ್ವ ರೇಖಾಂಶ. ಅವರ ಚಳಿಗಾಲದ ಗಡಿಯಾರಕ್ಕೆ 120 ಡಿಗ್ರಿ ಪಶ್ಚಿಮ. ಎರಡನ್ನೂ ಕೂಡಿದರೆ 202.5. ಅದನ್ನು 15ರಿಂದ ಭಾಗಿಸಿದರೆ ಹದಿಮೂರೂವರೆ ಗಂಟೆ. ನಾವು ಅಷ್ಟು ಮುಂದಿದ್ದೇವೆ. 31 ಗಂಟೆ 15 ನಿಮಿಷದಲ್ಲಿ ಅದನ್ನು ಕಳೆಯಿರಿ. ಉಳಿಯುವ 17 ಗಂಟೆ 45 ನಿಮಿಷವೇ ನಿಜವಾದ ಪ್ರಯಾಣದ ಅವಧಿ.

ಇನ್ನು ದೂರ. ಶಾಲೆಯ ಭೂಗೋಳವನ್ನು ತೆಗೆದುಕೊಂಡು ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ಗೋಳದ ಸುತ್ತಳತೆ 100 ಸೆಂ.ಮೀ. ಇದ್ದರೆ ದಾರ ಸುಮಾರು 35 ಸೆಂ.ಮೀ. ಬರುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆದ್ದರಿಂದ ದೂರ ಸುಮಾರು 14,000 ಕಿ.ಮೀ. ಗೋಡೆಯ ನಕ್ಷೆಯಲ್ಲಿ ಗೆರೆ ಎಳೆದರೆ ಅದು ಪೆಸಿಫಿಕ್ ಸಾಗರವನ್ನು ಅಡ್ಡಲಾಗಿ ದಾಟುತ್ತದೆ. ದಾರವೋ ಅಲಾಸ್ಕ, ಸೈಬೀರಿಯಗಳ ಕಡೆಗೆ ಬಾಗುತ್ತದೆ! ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಿದಾಗ ಆಗುವ ವ್ಯತ್ಯಾಸವಿದು.

ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಆ ವಿಮಾನ ಇನ್ನೂ ಮೇಲೆ, ಉತ್ತರ ಧ್ರುವದ ಮೇಲೆ ಹಾದು ಬಂತು. ಆ ದಾರಿಯನ್ನು ಅಕ್ಷಾಂಶದಿಂದಲೇ ಅಳೆಯಬಹುದು. ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವಕ್ಕೆ ಸುಮಾರು 52 ಡಿಗ್ರಿ, ಧ್ರುವದಿಂದ ಬೆಂಗಳೂರಿಗೆ 77, ಒಟ್ಟು 129. ಡಿಗ್ರಿಗೆ 111 ಕಿ.ಮೀ.ಯಂತೆ ಸುಮಾರು 14,300 ಕಿ.ಮೀ. ಮುನ್ನೂರು ಕಿ.ಮೀ. ಹೆಚ್ಚು ಏಕೆ? ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಪ್ರವಾಹಗಳಿವೆ. ಅವಕ್ಕೆ ಎದುರಾಗಿ ಹಾರುವುದಕ್ಕಿಂತ ಸ್ವಲ್ಪ ಸುತ್ತಿ ಬರುವುದೇ ಕೆಲವೊಮ್ಮೆ ಲಾಭ.

ಗಂಟೆಗೆ 900 ಕಿ.ಮೀ. ವೇಗವಾದರೆ 14,300 ಕಿ.ಮೀ.ಗೆ ಸುಮಾರು 16 ಗಂಟೆ ಸಾಕು. ಆದರೆ ವೇಳಾಪಟ್ಟಿಯಲ್ಲಿ ನೆಲದ ಮೇಲಿನ ಓಡಾಟ, ಏರುವ, ಇಳಿಯುವ ಹೊತ್ತು, ಗಾಳಿಯ ಅಡ್ಡಿ ಎಲ್ಲವೂ ಸೇರಿರುತ್ತವೆ.

ಮಕ್ಕಳನ್ನು ದೂರದೇಶಕ್ಕೆ ಕಳಿಸಿದ ತಂದೆತಾಯಿಗಳಿಗೆ ಒಂದು ಮಾತು. ಹೊರಡುವ ಸಮಯವನ್ನು ಮೊದಲು ನಮ್ಮ ಗಡಿಯಾರಕ್ಕೆ ಬದಲಾಯಿಸಿಕೊಂಡು ಆಮೇಲೆ ಕಳೆಯಿರಿ. ಅಮೆರಿಕದಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಗ ವ್ಯತ್ಯಾಸ ಹನ್ನೆರಡೂವರೆ. ಇಷ್ಟು ತಿಳಿದಿದ್ದರೆ ವಿಮಾನ ತಡವಾಯಿತೆಂದು ರಾತ್ರಿಯಿಡೀ ಕಂಗಾಲಾಗಬೇಕಿಲ್ಲ.

ನೆರೆಯವರು ಕಾಗದದಲ್ಲಿ ಎರಡು ಸಲ ಲೆಕ್ಕ ಹಾಕಿ ನೋಡಿ, “ಹಾಗಾದರೆ ಬರಲಿ ಬಿಡಿ” ಎಂದು ಕಾಫಿ ಕುಡಿದು ಹೋದರು.

ವಿದ್ಯಾರ್ಥಿಗಳಿಗೆ: ಜನವರಿಯಲ್ಲಿ ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಟ್ಟ ವಿಮಾನ 16 ಗಂಟೆ ಹಾರಿ ಇಳಿದಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಷ್ಟು ಹೊತ್ತು? (ಉತ್ತರ: ಅದೇ ದಿನ ಸಂಜೆ 5 ಗಂಟೆ. ಹೇಗೆಂದು ಮನೆಯವರಿಗೆ ವಿವರಿಸಿ.)