ಟಪಾಲು ಬಾರದಿದ್ದರೆ ಮೊದಲು ಎಲ್ಲಿ ನೋಡಬೇಕು?



ವ್ಯಾಪಾರಸ್ಥನಿಗೆ ಬೆಳಗಿನ ಹೊತ್ತು ಎರಡು ಮಾತು ಕೇಳಲು ಮನಸ್ಸಿರುವುದಿಲ್ಲ. ಒಂದು, ‘ರೊಕ್ಕ ಮುಂದಿನ ವಾರ ನೋಡೋಣು’. ಇನ್ನೊಂದು, ‘ಮಾಲಕರ, ಮೇಲ್ ಬರವಲ್ದು ನೋಡ್ರಿ’. ಮೊದಲನೆಯದಕ್ಕೆ ನಮ್ಮ ಹಿರಿಯರ ಕಾಲದಿಂದಲೂ ಔಷಧ ಸಿಕ್ಕಿಲ್ಲ. ಎರಡನೆಯದಕ್ಕೆ ಇದೆ. ಈ ಸಲ ಅದನ್ನೇ ಬರೆಯುತ್ತೇವೆ.

ಮೇಲ್ ನಿಂತರೆ ಏನಾಯಿತು, ವಾಟ್ಸಾಪ್ ಇದೆಯಲ್ಲ ಎನ್ನುವವರುಂಟು. ಇಚಲಕರಂಜಿಯ ಬಟ್ಟೆಯ ಆರ್ಡರು ವಾಟ್ಸಾಪಿನಲ್ಲಿ ಬಂದೀತು. ಕೊಲ್ಲಾಪುರದ ಬೆಲ್ಲದ ಭಾವ, ಗಡಹಿಂಗ್ಲಜದ ಮೆಣಸಿನಕಾಯಿ ಭಾವ ಫೋನಿನಲ್ಲಿ ತಿಳಿದೀತು. ಸರಕಾರದ ಕಾಗದದ ಮಾತು ಬೇರೆ. ಜಿಎಸ್‌ಟಿ 2017ರ ಜುಲೈ 1ರಿಂದ ಜಾರಿಗೆ ಬಂತು. ನೋಟೀಸು, ಆದೇಶ ಮುಟ್ಟಿಸುವ ಮಾರ್ಗಗಳನ್ನು ಆ ಕಾಯದೆಯ 169ನೆಯ ಕಲಮು ಹೇಳುತ್ತದೆ. ನೋಂದಣಿಯಲ್ಲಿ ಕೊಟ್ಟ ಇಮೇಲ್ ವಿಳಾಸಕ್ಕೆ ಕಳಿಸುವುದು ಅವುಗಳಲ್ಲಿ ಒಂದು, ಪೋರ್ಟಲಿನಲ್ಲಿ ಇಡುವುದು ಇನ್ನೊಂದು. ಆದೇಶದ ಮೇಲೆ ಅಪೀಲು ಮಾಡಲು, ಅದನ್ನು ತಿಳಿಸಿದ ದಿನದಿಂದ 3 ತಿಂಗಳ ಅವಧಿ. ಅಂಗಡಿಯ ಮೇಲ್ ನಿಂತಿದೆ ಎಂದು ಆ ಅವಧಿ ನಿಲ್ಲುವುದಿಲ್ಲ.

ಮೊದಲು ಇದರ ವ್ಯವಸ್ಥೆ ತಿಳಿಯಬೇಕು. ನಮ್ಮ ಟಪಾಲು ದೂರದ ಒಂದು ದೊಡ್ಡ ಕಂಪ್ಯೂಟರಿಗೆ ಬಂದು ಬೀಳುತ್ತದೆ. ಅದಕ್ಕೆ ಸರ್ವರ್ ಎನ್ನುತ್ತಾರೆ. ನಾವು ಹೆಡ್ ಪೋಸ್ಟಾಫೀಸು ಎಂದು ತಿಳಿದರೆ ಸಾಕು. ಅಂಗಡಿಯ ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ಅಲ್ಲಿಗೆ ಹೋಗಿ ಟಪಾಲು ತರುವ ಆಳು. ಅವನಿಗೆ ನಾಲ್ಕು ಸಂಗತಿ ಹೇಳಿ ಕಳಿಸಬೇಕು: ಯಾವ ಕಚೇರಿ, ಯಾವ ಕಿಟಕಿ, ಯಾರ ಹೆಸರು, ಪಾಸ್‌ವರ್ಡ್ ಏನು. ಕಿಟಕಿಯ ಸಂಖ್ಯೆಗೆ ಪೋರ್ಟ್ ಎಂದು ಹೆಸರು. ನಾಲ್ಕರಲ್ಲಿ ಒಂದು ತಪ್ಪಿದರೂ ಆಳು ಬರಿಗೈಯಲ್ಲಿ ಬರುತ್ತಾನೆ.

ತರುವ ರೀತಿ ಎರಡು. ಪಾಪ್ ಎಂಬ ರೀತಿಯಲ್ಲಿ ಆಳು ಟಪಾಲನ್ನು ಅಂಗಡಿಗೆ ಹೊತ್ತು ತರುತ್ತಾನೆ. ‘ಸರ್ವರಿನಲ್ಲಿ ಪ್ರತಿ ಇಡು’ ಎಂದು ಹೇಳದಿದ್ದರೆ ಅಲ್ಲಿ ಏನೂ ಉಳಿಯದೆ ಹೋಗಬಹುದು. ಐಮ್ಯಾಪ್ ರೀತಿಯಲ್ಲಿ ಟಪಾಲು ಅಲ್ಲಿಯೇ ಇರುತ್ತದೆ, ಎಲ್ಲಿಂದ ಬೇಕಾದರೂ ನೋಡಬಹುದು. ಅಣ್ಣ ಇಚಲಕರಂಜಿಯಲ್ಲಿ, ತಮ್ಮ ಗಡಹಿಂಗ್ಲಜದಲ್ಲಿ, ಲೆಕ್ಕದ ಕಚೇರಿ ಕೊಲ್ಲಾಪುರದಲ್ಲಿ ಎಂಬಂಥ ಮನೆತನಗಳು ನಮ್ಮಲ್ಲಿ ಬಹಳ. ಇಚಲಕರಂಜಿಯ ಹಳೆಯ ಕಂಪ್ಯೂಟರ್ ಪಾಪ್ ರೀತಿಯಲ್ಲಿ ಎಲ್ಲವನ್ನೂ ಎಳೆದುಕೊಂಡರೆ ಗಡಹಿಂಗ್ಲಜದಲ್ಲಿ ಪೆಟ್ಟಿಗೆ ಖಾಲಿ ಕಾಣುತ್ತದೆ. ಆಗ ‘ನೀನು ಅಳಿಸಿದಿ’, ‘ನಾನಲ್ಲ’ ಎಂದು ಅಣ್ಣತಮ್ಮಂದಿರಲ್ಲಿ ಮಾತು ಬೆಳೆಯುತ್ತದೆ. ತಪ್ಪು ಇಬ್ಬರದೂ ಅಲ್ಲ. ಎರಡು ಮೂರು ಕಡೆ ಒಂದೇ ವಿಳಾಸ ನೋಡುವವರು ಐಮ್ಯಾಪ್ ಹಾಕಿಸಬೇಕು.

ಇನ್ನು ಮೇಲ್ ನಿಂತಾಗ ಹುಡುಕುವ ಕ್ರಮ. ಕ್ರಮ ಬಿಟ್ಟು ಕಂಡಕಂಡದ್ದನ್ನು ಒತ್ತಬಾರದು.

ಮೊದಲನೆಯದು, ಇಂಟರ್‌ನೆಟ್ ನಡೆಯುತ್ತಿದೆಯೇ ನೋಡಿ. ನಡೆಯುತ್ತಿದ್ದರೆ ಅದೇ ವಿಳಾಸವನ್ನು ಕ್ರೋಮಿನಲ್ಲಿ ತೆರೆಯಿರಿ. ಟಪಾಲು ಅಲ್ಲಿ ಕಂಡರೆ ದೋಷ ನಮ್ಮ ಔಟ್‌ಲುಕ್‌ನಲ್ಲಿದೆ. ಅಲ್ಲಿಯೂ ತೆರೆಯದಿದ್ದರೆ ದೋಷ ಖಾತೆಯಲ್ಲಿ ಅಥವಾ ಪಾಸ್‌ವರ್ಡಿನಲ್ಲಿ. ಪೇಢಿಯ ಸ್ವಂತ ಹೆಸರಿನ ವಿಳಾಸ ಇದ್ದವರು ಆ ಹೆಸರಿನ ನವೀಕರಣದ ಹಣ ಕಟ್ಟಿದ್ದೇವೆಯೇ ಎಂದೂ ನೋಡಬೇಕು. ಈ ಒಂದು ಪರೀಕ್ಷೆಗೆ ಎರಡು ನಿಮಿಷ ಸಾಕು. ಅರ್ಧ ಗೊಂದಲ ಅಲ್ಲಿಗೆ ತೀರುತ್ತದೆ.

ಎರಡನೆಯದು, ಬರುವುದು ನಿಂತಿದೆಯೋ, ಹೋಗುವುದು ನಿಂತಿದೆಯೋ? ಹೋಗುವುದಕ್ಕೆ ಎಸ್‌ಎಂಟಿಪಿ ಎಂಬ ಬೇರೆ ಕಿಟಕಿ. ಬರುವ ಕಡೆ ಐಮ್ಯಾಪ್ ಇದ್ದರೆ 993, ಪಾಪ್ ಇದ್ದರೆ 995. ಹೋಗುವ ಕಡೆ 465 ಅಥವಾ 587. ಹಳೆಯ 143, 110 ಸಂಖ್ಯೆಗಳು ಮುಚ್ಚಳವಿಲ್ಲದ ಕಾಗದದ ಕಾಲದವು. 25ನೆಯ ಕಿಟಕಿಯನ್ನು ಅನೇಕ ಇಂಟರ್‌ನೆಟ್ ಕಂಪನಿಗಳು ಮುಚ್ಚಿರುತ್ತವೆ. ಹೋಗುವ ಟಪಾಲಿಗೂ ಹೆಸರು, ಪಾಸ್‌ವರ್ಡ್ ಬೇಕೆಂಬ ಗುರುತು ಹಾಕಿದೆಯೇ ನೋಡಿ.

ಮೂರನೆಯದು, ಕಂಪ್ಯೂಟರಿನ ತಾರೀಖು. ಹಳೆಯ ಯಂತ್ರದೊಳಗೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಅದು ಸತ್ತರೆ, ಕರೆಂಟ್ ಹೋಗಿ ಬಂದಾಗ ತಾರೀಖು ಎಷ್ಟೋ ವರ್ಷ ಹಿಂದೆ ಹೋಗುತ್ತದೆ. ಆಗ ಸರ್ವರಿನ ಗುರುತಿನ ಪತ್ರ ಈ ತಾರೀಖಿಗೆ ಹೊಂದದೆ ಯಂತ್ರ ಅದನ್ನು ಒಪ್ಪುವುದಿಲ್ಲ. ಸೆಲ್ ಅಗ್ಗದ್ದು, ಅದಕ್ಕಾಗಿ ಹೊಸ ಕಂಪ್ಯೂಟರ್ ಕೊಳ್ಳಬೇಕಾಗಿಲ್ಲ.

ನಾಲ್ಕನೆಯದು, ಜಾಗ. ಜಿಮೇಲ್ ಉಚಿತವಾಗಿ ಕೊಡುವ 15 ಜಿಬಿಯಲ್ಲಿ ಟಪಾಲು, ಡ್ರೈವ್, ಫೋಟೋ ಎಲ್ಲವೂ ಸೇರಿವೆ. ಮಗಳ ಮದುವೆಯ ವಿಡಿಯೋ ಪೇಢಿಯ ಖಾತೆಯಲ್ಲಿ ಹೋಗಿ ಕೂತರೆ ಗಿರಾಕಿಯ ಟಪಾಲಿಗೆ ಜಾಗವಿರುವುದಿಲ್ಲ. ಮನೆಯ ಖಾತೆ ಬೇರೆ, ಪೇಢಿಯ ಖಾತೆ ಬೇರೆ ಇರಲಿ.

ಐದನೆಯದೇ ಈಚಿನ ವರ್ಷಗಳಲ್ಲಿ ಹೆಚ್ಚು ಕಾಡಿದ್ದು. ‘ಪಾಸ್‌ವರ್ಡ್ ಸರಿ ಇದೆ, ಕ್ರೋಮಿನಲ್ಲಿ ನಡೆಯುತ್ತದೆ, ಔಟ್‌ಲುಕ್ ಮಾತ್ರ ಒಪ್ಪುವುದಿಲ್ಲ’ ಎನ್ನುತ್ತಾರೆ. ಬರೀ ಪಾಸ್‌ವರ್ಡ್ ಹೇಳಿ ಒಳಗೆ ಹೋಗುವ ಹಳೆಯ ಪದ್ಧತಿಯನ್ನು ಗೂಗಲ್ ಸಾಮಾನ್ಯ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸಿತು. ಕದ್ದ ಪಾಸ್‌ವರ್ಡ್ ಇದ್ದವನೂ ಒಳಗೆ ಹೋಗುತ್ತಿದ್ದನು ಎಂಬುದೇ ಕಾರಣ. ಹಳೆಯ ಔಟ್‌ಲುಕ್ ಇದ್ದವರು ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಚಾಲೂ ಮಾಡಿ, 16 ಅಕ್ಷರಗಳ ‘ಆ್ಯಪ್ ಪಾಸ್‌ವರ್ಡ್’ ಪಡೆದು ಅದನ್ನು ಔಟ್‌ಲುಕ್‌ಗೆ ಕೊಡಬೇಕು. ಮುಂದೆ ಮೂಲ ಪಾಸ್‌ವರ್ಡ್ ಬದಲಿಸಿದರೆ ಇದು ರದ್ದಾಗುತ್ತದೆ, ಹೊಸದು ಮಾಡಬೇಕು. ಹಾಟ್‌ಮೇಲ್, ಔಟ್‌ಲುಕ್ ಡಾಟ್ ಕಾಮ್ ವಿಳಾಸಗಳಿಗೆ ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್ 16ರಿಂದ ಹಳೆಯ ಪದ್ಧತಿ ನಿಲ್ಲಿಸಿದೆ. ಅಲ್ಲಿ ಹೊಸ ಆವೃತ್ತಿಯೇ ಬೇಕು.

ಒಂದು ಎಚ್ಚರಿಕೆ. ಮೇಲ್ ನಿಂತ ಗಾಬರಿಯಲ್ಲಿ ಇಂಟರ್‌ನೆಟ್ಟಿನಲ್ಲಿ ಕಂಡ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡಬೇಡಿ. ಅಂಥ ನಂಬರಿನ ಹಿಂದೆ ಠಕ್ಕರು ಕೂತಿರುತ್ತಾರೆ. ನಿಮ್ಮ ಪರದೆಯನ್ನು ದೂರದಿಂದ ತೆಗೆದುಕೊಳ್ಳುತ್ತಾರೆ, ಓಟಿಪಿ ಕೇಳುತ್ತಾರೆ. ಟಪಾಲು ಪೆಟ್ಟಿಗೆ ಅವರ ಕೈಗೆ ಸಿಕ್ಕರೆ ನಿಮ್ಮ ಹೆಸರಿನಲ್ಲಿಯೇ ಗಿರಾಕಿಗೆ ‘ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ಬರೆಯಬಲ್ಲರು. ಖಾತೆ ಬದಲಾದ ಸುದ್ದಿ ಮೇಲಿನಲ್ಲಿ ಬಂದರೆ, ಮೊದಲಿನಿಂದ ನಿಮ್ಮಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳದೆ ಹಣ ಹಾಕಬೇಡಿ. ಮೋಸ ಆದರೆ ತಡಮಾಡದೆ 1930ಕ್ಕೆ ತಿಳಿಸಿ.

ಕೊನೆಯ ಮಾತು ಮುಖ್ಯವಾದದ್ದು. ಅನೇಕ ಪೇಢಿಗಳಲ್ಲಿ ಈ ಸಂಗತಿಗಳೆಲ್ಲ ಇರುವುದು ಒಬ್ಬ ಹುಡುಗನ ತಲೆಯಲ್ಲಿ. ಅವನು ಪುಣೆಗೆ ನೌಕರಿಗೆ ಹೋದರೆ ಬೀಗದ ಕೈಯೂ ಅವನೊಡನೆ ಹೋಗುತ್ತದೆ. ಜಿಎಸ್‌ಟಿ ನೋಂದಣಿಯಲ್ಲಿ ಯಾರ ಇಮೇಲ್ ಕೊಟ್ಟಿದೆ ಎಂದು ಇಂದೇ ನೋಡಿ; ಬಿಟ್ಟುಹೋದ ಗುಮಾಸ್ತನದು ಇದ್ದರೆ ಪೋರ್ಟಲಿನಲ್ಲಿ ಬದಲಿಸಲು ಬರುತ್ತದೆ. ಆಮೇಲೆ ಒಂದು ಹಾಳೆಯಲ್ಲಿ ಬರೆದಿಡಿ: ಯಾವ ವಿಳಾಸ, ಪಾಪೋ ಐಮ್ಯಾಪೋ, ಸರ್ವರಿನ ಹೆಸರು, ಕಿಟಕಿಯ ಸಂಖ್ಯೆಗಳು, ಓಟಿಪಿ ಯಾರ ಮೊಬೈಲಿಗೆ ಬರುತ್ತದೆ, ನವೀಕರಣದ ತಾರೀಖು. ಪಾಸ್‌ವರ್ಡ್ ಮಾತ್ರ ಬೇರೆ ಲಕೋಟೆಯಲ್ಲಿ, ತಿಜೋರಿಯಲ್ಲಿ. ಕಿರ್ದಿ-ಖತಾವಣಿಯನ್ನು ನಾವು ಯಾರ ತಲೆಯಲ್ಲೂ ಇಡುವುದಿಲ್ಲ, ಇದನ್ನೂ ಇಡಬಾರದು. ದೀಪಾವಳಿಗೆ ಹೊಸ ಕಿರ್ದಿ ತೆರೆಯುವ ದಿನ ಆ ಹಾಳೆಯನ್ನೂ ಹೊಸದಾಗಿ ಬರೆಯಿರಿ.