ಸಮುದಾಯ ಕಾಲೇಜು: ಉದ್ಯಮಿಗಳ ಹೊಣೆ ಏನು?

ದಾವಣಗೆರೆ ಮತ್ತು ಹರಿಹರದ ವರ್ತಕರು, ಸಣ್ಣ ಉದ್ಯಮಿಗಳು ಎಲ್ಲಿ ಸೇರಿದರೂ ಕೇಳಿಬರುವ ಮಾತು ಒಂದೇ: ಕೆಲಸ ಬಲ್ಲವರು ಸಿಗುತ್ತಿಲ್ಲ. ಅಕ್ಕಿ ಗಿರಣಿಯವರಿಗೆ ಬಾಯ್ಲರ್ ನಡೆಸಲು ಅರ್ಹತಾ ಪ್ರಮಾಣಪತ್ರವುಳ್ಳ ನೌಕರ ಬೇಕು; ವರ್ಕ್‌ಶಾಪಿನವರಿಗೆ ಸಿ.ಎನ್.ಸಿ. ಯಂತ್ರದಲ್ಲಿ ಕೆಲಸ ಮಾಡಬಲ್ಲ ಟರ್ನರ್ ಬೇಕು. ಮಂಡಿ ವರ್ತಕರಿಗೆ ಜಿ.ಎಸ್.ಟಿ. ಲೆಕ್ಕ ಬಲ್ಲ ಗುಮಾಸ್ತ ಬೇಕು. ಇನ್ನೊಂದೆಡೆ, ಪದವಿ ಪಡೆದ ಯುವಕ ಯುವತಿಯರು ಅರ್ಜಿ ಹಿಡಿದು ಇದೇ ಊರಿನ ಬೀದಿಗಳಲ್ಲಿ ಅಲೆಯುತ್ತಿರುವುದೂ ಎಲ್ಲರಿಗೂ ತಿಳಿದ ಸಂಗತಿ. ಕೆಲಸವಿದ್ದೂ ಕೆಲಸಗಾರನಿಲ್ಲ, ಓದಿದವನಿದ್ದೂ ಅವನಿಗೆ ಕೆಲಸವಿಲ್ಲ ಎಂಬ ಈ ವಿಪರ್ಯಾಸಕ್ಕೆ ಸಮುದಾಯ ಕಾಲೇಜು ಒಂದು ಪರಿಹಾರ ಎಂಬ ಮಾತು ಹಲವು ವರ್ಷಗಳಿಂದ ಕೇಳಿಬರುತ್ತಿದೆ. ಆದರೆ ಅಂತಹ ಕಾಲೇಜನ್ನು ನಡೆಸುವ ಹೊಣೆ ಯಾರದು ಎಂಬ ಪ್ರಶ್ನೆ ಬಂದಾಗ ಎಲ್ಲರ ದೃಷ್ಟಿಯೂ ಸರ್ಕಾರದ ಕಡೆಗೆ ಹೊರಳುತ್ತದೆ. ಈ ಧೋರಣೆ ಬದಲಾಗದೆ ಯಾವ ಯೋಜನೆಯೂ ಫಲ ನೀಡಲಾರದು.

ವರ್ತಕರು ಕಟ್ಟಿದ ವಿದ್ಯಾನಗರಿ

ದಾವಣಗೆರೆಗೆ ವಿದ್ಯೆಯ ವಿಷಯದಲ್ಲಿ ಉದಾರ ಪರಂಪರೆಯೊಂದಿದೆ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಕಾಲದಲ್ಲಿಯೇ ಇಲ್ಲಿನ ವರ್ತಕ ಮನೆತನಗಳು ಗಳಿಕೆಯ ಒಂದು ಪಾಲನ್ನು ಶಾಲೆ ಕಾಲೇಜುಗಳಿಗೆ ನೀಡಿದವು. 1951ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಅವರ ಹೆಸರನ್ನು ಹೊತ್ತಿದ್ದು, ಇಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಘಟಕ ಕಾಲೇಜಾಗಿದೆ. ರಾಜನಹಳ್ಳಿ ಮನೆತನದ ಹೆಸರು ಊರಿನ ವಿದ್ಯಾಸಂಸ್ಥೆಗಳಲ್ಲಿ ಉಳಿದುಬಂದಿದೆ. 1958ರಲ್ಲಿ ಸ್ಥಾಪನೆಗೊಂಡ ಬಾಪೂಜಿ ವಿದ್ಯಾಸಂಸ್ಥೆ ವೈದ್ಯಕೀಯ ಹಾಗೂ ತಾಂತ್ರಿಕ ಶಿಕ್ಷಣವನ್ನು ಈ ಭಾಗದ ಜನರ ಬಳಿಗೆ ತಂದಿತು. ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದ ಮೇಲೂ ಊರು ಕುಸಿಯದೆ ನಿಂತದ್ದಕ್ಕೆ ಈ ವಿದ್ಯಾಸಂಸ್ಥೆಗಳೂ ಒಂದು ಕಾರಣ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಪರಂಪರೆಯ ಒಲವು ಹೆಚ್ಚಾಗಿ ಪದವಿಯ ಕಡೆಗೇ ಇತ್ತು. ವೈದ್ಯರೂ ಎಂಜಿನಿಯರುಗಳೂ ತಯಾರಾದರು. ಯಂತ್ರದ ಮುಂದೆ ನಿಂತು ಕೆಲಸ ಮಾಡುವವನ ಶಿಕ್ಷಣಕ್ಕೆ ಅಷ್ಟು ಗಮನ ದೊರೆಯಲಿಲ್ಲ. ಆ ಕೊರತೆಯನ್ನು ಬಹುಕಾಲ ತುಂಬಿದ್ದು ಕಾರ್ಖಾನೆಗಳೇ. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿದ್ದಂತೆಯೇ ಕುಶಲಕರ್ಮಿಗಳ ಪಾಠಶಾಲೆಯೂ ಆಗಿತ್ತು. ಅಲ್ಲಿ ಕೆಲಸ ಕಲಿತವರು ಹೊರಬಂದು ಸ್ವಂತ ವರ್ಕ್‌ಶಾಪ್ ತೆರೆದರು. ಅವರಿಂದ ಮತ್ತೊಂದು ತಲೆಮಾರು ಕಲಿಯಿತು. 2000ದ ದಶಕದ ಆರಂಭದಲ್ಲಿ ಆ ಕಾರ್ಖಾನೆ ನಿಂತಾಗ ಸಾವಿರಾರು ಕುಟುಂಬಗಳ ಅನ್ನಕ್ಕೆ ಕುತ್ತು ಬಂದದ್ದು ಎಲ್ಲರ ಕಣ್ಣಿಗೂ ಬಿತ್ತು. ಅದರ ಜೊತೆಗೆ ಒಂದು ಪಾಠಶಾಲೆಯೂ ಮುಚ್ಚಿತು ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. 1991ರಲ್ಲಿ ಆರಂಭವಾದ ಕಿರ್ಲೋಸ್ಕರ್ ಆಡಳಿತ ನಿರ್ವಹಣಾ ಶಿಕ್ಷಣ ಸಂಸ್ಥೆ ಯಂತ್ರಪುರದಲ್ಲಿ ಉಳಿದುಕೊಂಡಿತು. ಟರ್ನರುಗಳನ್ನು ತಯಾರಿಸುತ್ತಿದ್ದ ಕಾರ್ಖಾನೆ ಉಳಿಯಲಿಲ್ಲ. ಅಂದು ಕಲಿತವರು ಈಗ ನಿವೃತ್ತಿಯ ವಯಸ್ಸು ದಾಟುತ್ತಿದ್ದಾರೆ. ಅವರ ವಿದ್ಯೆಯನ್ನು ಮುಂದಿನವರಿಗೆ ದಾಟಿಸುವ ವ್ಯವಸ್ಥೆಗೆ ಇನ್ನು ಹೆಚ್ಚು ಕಾಲಾವಕಾಶವಿಲ್ಲ.

ಯೋಜನೆಗಳು ಬಂದವು, ಹೋದವು

ಸಮುದಾಯ ಕಾಲೇಜು ಎಂದರೆ ಸ್ಥಳೀಯ ಉದ್ಯೋಗಕ್ಕೆ ಬೇಕಾದ ವಿದ್ಯೆಯನ್ನು ಅಲ್ಪಾವಧಿಯಲ್ಲಿ, ಕಡಿಮೆ ಶುಲ್ಕದಲ್ಲಿ, ದುಡಿಯುವವರಿಗೂ ಅನುಕೂಲವಾಗುವ ಸಮಯದಲ್ಲಿ ಕಲಿಸುವ ಸಂಸ್ಥೆ. ಅಮೆರಿಕದಲ್ಲಿ 1901ರಲ್ಲಿ ಜೋಲಿಯೆಟ್ ಎಂಬಲ್ಲಿ ಆರಂಭವಾದ ಎರಡು ವರ್ಷದ ಕಾಲೇಜು ಇದಕ್ಕೆ ಮೊದಲ ಮಾದರಿ ಎನ್ನಲಾಗುತ್ತದೆ. ಭಾರತದಲ್ಲಿ 1995ರಲ್ಲಿ ಪುದುಚೇರಿ ವಿಶ್ವವಿದ್ಯಾಲಯವು ಇದಕ್ಕೆ ನಾಂದಿ ಹಾಡಿತು. 2009ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ದೇಶದಾದ್ಯಂತ ನೂರಾರು ಸಮುದಾಯ ಕಾಲೇಜುಗಳಿಗೆ ಮಾನ್ಯತೆ ನೀಡಿತು. ಆದರೆ 2012ರಲ್ಲಿ ಆ ಯೋಜನೆಯನ್ನೇ ತಡೆಹಿಡಿಯಲಾಯಿತು. ಅರ್ಧ ಓದಿದ ವಿದ್ಯಾರ್ಥಿಗಳು ಅತಂತ್ರರಾದರು. ಬಳಿಕ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ತನ್ನದೇ ಯೋಜನೆಯನ್ನು ತಂದು, ಈಗಿರುವ ಕಾಲೇಜುಗಳಲ್ಲಿಯೇ ಇಂತಹ ಕೋರ್ಸುಗಳನ್ನು ತೆರೆಯಲು ನೆರವು ನೀಡಿತು. 2013ರ ಡಿಸೆಂಬರಿನಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಇಂತಹ ಪ್ರಮಾಣಪತ್ರಗಳಿಗೆ ಒಂದು ಮಟ್ಟವನ್ನು ನಿಗದಿಪಡಿಸಿತು.

ಈ ಇತಿಹಾಸದಿಂದ ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ದೆಹಲಿಯಿಂದ ಬರುವ ನೆರವಿಗೆ ಒಂದು ಅವಧಿ ಇರುತ್ತದೆ. ಆ ಅವಧಿ ಮುಗಿದ ಮೇಲೆ ಕಾಲೇಜನ್ನು ನಿಲ್ಲಿಸುವವರು ಯಾರು ಎಂಬುದನ್ನು ಮೊದಲೇ ನಿರ್ಧರಿಸಿರದಿದ್ದರೆ ನಾಮಫಲಕ ಮಾತ್ರ ಉಳಿಯುತ್ತದೆ.

ಬೋಧಕನೇ ಆಧಾರಸ್ತಂಭ

ಕಾಲೇಜು ಎಂದೊಡನೆ ದಾನಿಗಳ ಮನಸ್ಸು ಕಟ್ಟಡದ ಕಡೆಗೆ ಹರಿಯುವುದು ಸಹಜ. ಆದರೆ ದಾವಣಗೆರೆಯಲ್ಲಿ ಕಟ್ಟಡಗಳಿಗೆ ಬರವಿಲ್ಲ. ಸಂಜೆಯಾದೊಡನೆ ಬೀಗ ಬೀಳುವ ಕೊಠಡಿಗಳು, ಪ್ರಯೋಗಶಾಲೆಗಳು ಊರಿನ ತುಂಬ ಇವೆ. ಕೊರತೆ ಇರುವುದು ಬೋಧಕರದು. ಅದರಲ್ಲೂ ಕೆಲಸ ಬಲ್ಲ, ಕಲಿಸಲೂ ಬಲ್ಲ ಬೋಧಕರದು. ಅಂತಹವರಿಗೆ ಗಂಟೆಯ ಲೆಕ್ಕದಲ್ಲಿ ಗೌರವಧನ ಕೊಟ್ಟು, ರಜೆಯ ತಿಂಗಳುಗಳಲ್ಲಿ ಕೈಬಿಟ್ಟರೆ ಅವರು ಎಷ್ಟು ದಿನ ನಿಲ್ಲುತ್ತಾರೆ? ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಮೇಲೆ ನಿಂತಿದೆ. 2023ರ ಕೊನೆಯಲ್ಲಿ ಅವರು ಸೇವಾ ಭದ್ರತೆ ಕೋರಿ ವಾರಗಟ್ಟಲೆ ತರಗತಿ ಬಹಿಷ್ಕರಿಸಿದಾಗ ಅದರ ಪರಿಣಾಮ ಏನೆಂಬುದು ರಾಜ್ಯಕ್ಕೆಲ್ಲ ತಿಳಿಯಿತು. ಅಮೆರಿಕದ ಸಮುದಾಯ ಕಾಲೇಜುಗಳಲ್ಲಿಯೂ ಬೋಧಕರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಅರೆಕಾಲಿಕರು. ಅಲ್ಲಿಯೂ ಇದು ದೊಡ್ಡ ಚಿಂತೆಯೇ ಆಗಿದೆ.

ಆದುದರಿಂದ ಸಮುದಾಯ ಕಾಲೇಜಿನ ಮೊದಲ ವೆಚ್ಚ ಬೋಧಕನ ಹನ್ನೆರಡು ತಿಂಗಳ ಸಂಬಳವಾಗಬೇಕು. ಇದು ಅಸಾಧ್ಯದ ಮಾತಲ್ಲ. ಉದಾಹರಣೆಗೆ, 80 ಮಂದಿ ಉದ್ಯಮಿಗಳು ತಿಂಗಳಿಗೆ ತಲಾ 1,000 ರೂ. ನೀಡಿದರೆ 80,000 ರೂ. ಆಗುತ್ತದೆ. ಅದರಲ್ಲಿ ತಲಾ 30,000 ರೂ.ಗಳಂತೆ ಇಬ್ಬರು ಪೂರ್ಣಾವಧಿ ಬೋಧಕರಿಗೆ ಸಂಬಳ ಕೊಡಬಹುದು. ಉಳಿದ 20,000 ರೂ.ಗಳಲ್ಲಿ ವಾರಕ್ಕೆರಡು ಸಂಜೆ ಬಂದು ಕೈಕೆಲಸ ಕಲಿಸುವ ಅನುಭವಿ ಮೇಸ್ತ್ರಿಗಳಿಗೆ ಗೌರವಧನವನ್ನೂ ಬಡ ವಿದ್ಯಾರ್ಥಿಗಳ ಬಸ್ ಪಾಸಿನ ವೆಚ್ಚವನ್ನೂ ಭರಿಸಬಹುದು. ಒಬ್ಬ ಕುಶಲ ನೌಕರನಿಲ್ಲದೆ ಯಂತ್ರ ಒಂದು ದಿನ ನಿಂತರೆ ಆಗುವ ನಷ್ಟದ ಮುಂದೆ ಈ ಮೊತ್ತ ದೊಡ್ಡದಲ್ಲ.

ವಿದ್ಯಾರ್ಥಿಯ ಕಷ್ಟ, ಉದ್ಯಮಿಯ ಆತುರ

ಇಂತಹ ಕೋರ್ಸಿಗೆ ಬರುವ ವಿದ್ಯಾರ್ಥಿ ಸಾಮಾನ್ಯವಾಗಿ ಹಗಲು ದುಡಿಯುವವನು. ಮಂಡಕ್ಕಿ ಭಟ್ಟಿಯಲ್ಲಿಯೋ ಬಟ್ಟೆ ಅಂಗಡಿಯಲ್ಲಿಯೋ ದುಡಿಮೆ ಮುಗಿಸಿ ಸಂಜೆ ತರಗತಿಗೆ ಬರುತ್ತಾನೆ. ಹೆಣ್ಣುಮಕ್ಕಳಿಗೆ ಮನೆಗೆಲಸದ ಹೊರೆಯ ಜೊತೆಗೆ ಹೊತ್ತು ಮೀರಿ ಊರು ಸೇರುವ ಚಿಂತೆ. ದಾವಣಗೆರೆ ಮತ್ತು ಹರಿಹರದ ನಡುವಿನ ಅಂತರ ಸುಮಾರು 14 ಕಿ.ಮೀ. ಮಾತ್ರವಾದರೂ ತರಗತಿ ಮುಗಿಯುವ ವೇಳೆಗೂ ಬಸ್ಸಿನ ವೇಳೆಗೂ ಹೊಂದಾಣಿಕೆ ಇಲ್ಲದಿದ್ದರೆ ಆ ದೂರವೇ ಓದನ್ನು ಬಿಡಿಸುತ್ತದೆ. ವಾರದಲ್ಲಿ ಮೂರು ದಿನವಾದರೂ ನೌಕರನನ್ನು ಒಂದು ಗಂಟೆ ಮುಂಚೆ ಬಿಟ್ಟುಕೊಡುವ ಮಾಲೀಕನಿಂದ ಕಾಲೇಜಿಗೆ ಆಗುವ ಉಪಕಾರ ಧನಸಹಾಯಕ್ಕಿಂತ ಕಡಿಮೆಯದಲ್ಲ.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಲೇಬೇಕು. ವಿದ್ಯಾರ್ಥಿಗಳು ನಡುವೆಯೇ ಓದು ಬಿಡುವುದಕ್ಕೆ ಬಡತನವೊಂದೇ ಕಾರಣವಲ್ಲ. ಕೋರ್ಸು ಅರ್ಧಕ್ಕೆ ಬರುವಷ್ಟರಲ್ಲಿ, ಹುಡುಗ ಸ್ವಲ್ಪ ಕೆಲಸ ಕಲಿತಿದ್ದಾನೆ ಎಂದು ತಿಳಿದೊಡನೆ, ಕೂಲಿಯ ಆಸೆ ತೋರಿಸಿ ಕರೆದೊಯ್ಯುವವರು ಉದ್ಯಮಿಗಳೇ. ಹುಡುಗನಿಗೆ ಪ್ರಮಾಣಪತ್ರವಿಲ್ಲ, ಮುಂದೆ ಸಂಬಳ ಏರುವುದಿಲ್ಲ. ಮಾಲೀಕನಿಗೆ ದೊರೆಯುವುದು ಅರೆಕಲಿತ ಕೆಲಸಗಾರ ಮಾತ್ರ. ಕೆಲವು ತಿಂಗಳ ಬಳಿಕ ಆ ಮಾಲೀಕನೇ ಕೆಲಸ ಬಲ್ಲವರಿಲ್ಲ ಎಂದು ದೂರುತ್ತಾನೆ. ಹಸಿ ಕಾಯಿಯನ್ನು ಕಿತ್ತು ಹಣ್ಣಿನ ರುಚಿ ಹುಡುಕಿದರೆ ದೊರೆಯುವುದೆಲ್ಲಿ?

ಕಲಿಸಿದವನು ಬೆಂಗಳೂರಿಗೆ ಹೋಗಿಬಿಡುತ್ತಾನೆ ಎಂಬುದು ಹಲವರ ಆಕ್ಷೇಪ. ಈ ಆತಂಕ ನಿರಾಧಾರವಲ್ಲ. ಆದರೆ ಕಲಿಸದಿದ್ದರೂ ಆತ ಊರು ಬಿಡುತ್ತಾನೆ. ಊರಿನಲ್ಲಿ ಉಳಿಸಿಕೊಳ್ಳಬೇಕಾದರೆ ಅರ್ಹತೆಗೆ ತಕ್ಕ ಸಂಬಳ, ಭವಿಷ್ಯ ನಿಧಿ ಮೊದಲಾದ ಸೌಲಭ್ಯಗಳನ್ನು ಕೊಡಬೇಕು. ಹತ್ತು ಮಂದಿಗೆ ಕಲಿಸಿ ನಾಲ್ವರು ಹೊರಗೆ ಹೋದರೂ ಆರು ಮಂದಿ ಉಳಿಯುತ್ತಾರೆ. ಯಾರಿಗೂ ಕಲಿಸದಿದ್ದರೆ ಉಳಿಯುವುದು ದೂರು ಮಾತ್ರ.

ಏನು ಮಾಡಬಹುದು?

ಮೊದಲನೆಯದಾಗಿ, ಕೋರ್ಸುಗಳನ್ನು ಊರಿನ ಅಗತ್ಯ ನೋಡಿ ಆರಿಸಬೇಕು. ಭದ್ರಾ ನಾಲೆಯ ನೀರಿನಿಂದ ಬೆಳೆಯುವ ಭತ್ತ, ಜಿಲ್ಲೆಯ ಮುಖ್ಯ ಬೆಳೆಯಾದ ಮೆಕ್ಕೆಜೋಳ ಇಲ್ಲಿನ ವಹಿವಾಟಿನ ಜೀವಾಳ. ಅಕ್ಕಿ ಗಿರಣಿ ಯಂತ್ರಗಳ ನಿರ್ವಹಣೆ, ಧಾನ್ಯದ ತೇವಾಂಶ ಪರೀಕ್ಷೆ ಮತ್ತು ಗೋದಾಮು ನಿರ್ವಹಣೆ, ಹೊಲಿಗೆ ಯಂತ್ರಗಳ ದುರಸ್ತಿ, ಸಿ.ಎನ್.ಸಿ. ಕೆಲಸ ಇವು ಆದ್ಯತೆಯ ವಿಷಯಗಳು. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದ ಮೇಲೆ, 2023ರ ಆಗಸ್ಟಿನಿಂದ ವಾರ್ಷಿಕ ವಹಿವಾಟು 5 ಕೋಟಿ ರೂ. ಮೀರಿದವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾದ ಮೇಲೆ ಲೆಕ್ಕ ಬರೆಯುವ ಕೆಲಸವೂ ತರಬೇತಿ ಬೇಡುವ ಕೆಲಸವಾಗಿದೆ.

ಎರಡನೆಯದಾಗಿ, ಕಲಿಕೆಯ ಒಂದು ಭಾಗ ಕಾರ್ಖಾನೆಯಲ್ಲಿಯೇ ನಡೆಯಬೇಕು. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳ ಡಿಪ್ಲೊಮಾದಲ್ಲಿ ಮೂರು ವರ್ಷದ ಪಾಠದ ನಂತರ ಒಂದು ವರ್ಷದ ಕಾರ್ಖಾನೆ ತರಬೇತಿ ಇರುವುದು ಇದಕ್ಕೆ ಉತ್ತಮ ಮಾದರಿ. ಅಂತಹ ಕೇಂದ್ರವೊಂದು ಹರಿಹರದಲ್ಲಿಯೇ ಇದೆ. 1961ರ ಅಪ್ರೆಂಟಿಸ್ ಕಾಯಿದೆಯಡಿ, 2019ರ ನಿಯಮ ತಿದ್ದುಪಡಿಯ ಪ್ರಕಾರ, 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ನೌಕರರಿರುವವರು ಇಚ್ಛೆಯಿದ್ದರೆ ತೆಗೆದುಕೊಳ್ಳಬಹುದು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಶಿಷ್ಯವೇತನದ ಒಂದು ಭಾಗವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಸಣ್ಣ ಉದ್ಯಮಿಗಳು ಈ ಅವಕಾಶವನ್ನು ಬಳಸಿಕೊಳ್ಳಬೇಕು.

ಮೂರನೆಯದಾಗಿ, ಕೋರ್ಸು ಮುಗಿಯುವ ಮುನ್ನ ಯಾವ ವಿದ್ಯಾರ್ಥಿಯನ್ನೂ ಪೂರ್ಣಾವಧಿ ಕೆಲಸಕ್ಕೆ ಸೆಳೆಯುವುದಿಲ್ಲ, ಪ್ರಮಾಣಪತ್ರ ಪಡೆದವನಿಗೆ ಪಡೆಯದವನಿಗಿಂತ ಹೆಚ್ಚಿನ ಸಂಬಳ ಕೊಡುತ್ತೇವೆ ಎಂಬ ಒಡಂಬಡಿಕೆಗೆ ವಾಣಿಜ್ಯೋದ್ಯಮ ಸಂಸ್ಥೆಯ ಸದಸ್ಯರು ಬರಬೇಕು. ಇದಕ್ಕೆ ಖರ್ಚಿಲ್ಲ, ಬೇಕಾದದ್ದು ಪರಸ್ಪರ ವಿಶ್ವಾಸ.

ನಾಲ್ಕನೆಯದಾಗಿ, ನಿವೃತ್ತ ಕುಶಲಕರ್ಮಿಗಳ ಪಟ್ಟಿಯೊಂದನ್ನು ತಯಾರಿಸಬೇಕು. ಪದವಿ ಇಲ್ಲ ಎಂಬ ಕಾರಣಕ್ಕೆ ಅವರನ್ನು ದೂರವಿಡದೆ, ಬೋಧಕರ ಜೊತೆ ಕುಳಿತು ಪಾಠಕ್ರಮ ರೂಪಿಸುವ ಗೌರವವನ್ನು ಅವರಿಗೆ ನೀಡಬೇಕು.

ಇವನ್ನೆಲ್ಲ ಏಕಕಾಲಕ್ಕೆ ಆರಂಭಿಸಬೇಕಾಗಿಲ್ಲ. ಈಗಿರುವ ಕಾಲೇಜೊಂದರ ಎರಡು ಕೊಠಡಿ, ಎರಡು ಕೋರ್ಸು, ಇಬ್ಬರು ಬೋಧಕರು, 40 ವಿದ್ಯಾರ್ಥಿಗಳು ಇಷ್ಟರಿಂದ ಆರಂಭಿಸಿ ಮೂರು ವರ್ಷ ತಪ್ಪದೆ ನಡೆಸಿದರೆ ಉಳಿದದ್ದು ತಾನಾಗಿ ಬೆಳೆಯುತ್ತದೆ. ಹಿಂದಿನ ತಲೆಮಾರಿನ ವರ್ತಕರು ತಮ್ಮ ಕಾಲಕ್ಕೆ ಬೇಕಾದುದನ್ನು ಕೊಟ್ಟರು: ನಿವೇಶನ, ಕಟ್ಟಡ, ಮೂಲಧನ. ಈ ಕಾಲ ಬೇಡುತ್ತಿರುವುದು ಬೇರೆ: ತಿಂಗಳು ತಿಂಗಳಿಗೆ ತಪ್ಪದ ವಂತಿಗೆ, ಕಲಿಯಲು ಬಿಟ್ಟುಕೊಡುವ ಒಂದು ಗಂಟೆ, ಹುಡುಗ ಕಲಿತು ಮುಗಿಸುವವರೆಗೆ ಕಾಯುವ ತಾಳ್ಮೆ. ಇದಕ್ಕೆ ಶಿಲಾಫಲಕದಲ್ಲಿ ಹೆಸರು ಬರುವುದಿಲ್ಲ. ಆದರೆ ಕರೂರಿನ ಕೈಗಾರಿಕಾ ಪ್ರದೇಶದಿಂದ ಹರಿಹರದವರೆಗೆ ಯಂತ್ರಗಳು ನಿಲ್ಲದೆ ಓಡಬೇಕಾದರೆ ಈ ದಾನವೇ ಈಗ ಆಗಬೇಕಾದದ್ದು. ವಾಣಿಜ್ಯೋದ್ಯಮ ಸಂಸ್ಥೆಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಸ್ಥಾನ ದೊರೆಯಲಿ.