ಪೆಟ್ರೋಲ್ ವಾಸನೆ ಹಳೇ ಜೀಪಿನ ಗುಣವಲ್ಲ, ದೂರು

ಮಳೆಗಾಲದಲ್ಲಿ ಇಂಬಳ ಇದ್ದದ್ದೇ, ಹಳೇ ಗಾಡಿಯಲ್ಲಿ ಪೆಟ್ರೋಲ್ ವಾಸನೆ ಇದ್ದದ್ದೇ. ಮೂಡಿಗೆರೆ, ಕಳಸದ ಕಡೆ ಈ ಎರಡೂ ಮಾತು ಒಂದೇ ಉಸಿರಿನಲ್ಲಿ ಬರುತ್ತವೆ. ಮೊದಲನೆಯದಕ್ಕೆ ನಮ್ಮ ತಕರಾರಿಲ್ಲ. ಎರಡನೆಯದನ್ನು ಮಾತ್ರ ನಾವು ಒಪ್ಪುವುದಿಲ್ಲ. ಗಾಡಿ ಹಳೆಯದಾದರೆ ಸದ್ದು ಮಾಡುತ್ತದೆ, ಕುಲುಕುತ್ತದೆ, ಮಳೆ ನೀರು ಒಳಗೆ ಬಿಡುತ್ತದೆ. ಅದೆಲ್ಲ ವಯಸ್ಸು. ಪೆಟ್ರೋಲ್ ವಾಸನೆ ವಯಸ್ಸಲ್ಲ. ಒಳಗಿರಬೇಕಾದ ಪೆಟ್ರೋಲ್ ಎಲ್ಲೋ ಒಂದು ಕಡೆ ಹೊರಗೆ ಬರುತ್ತಿದೆ ಎಂದು ಗಾಡಿ ಕೊಡುತ್ತಿರುವ ದೂರು ಅದು.

ನಮ್ಮ ಗುಡ್ಡಗಳಲ್ಲಿ ಓಡುವ ಬಹುಪಾಲು ಜೀಪುಗಳು ಡೀಸೆಲ್‌ನವು. ಹೊರನಾಡಿನಿಂದ ಕ್ಯಾತನಮಕ್ಕಿಗೆ, ಅತ್ತಿಗುಂಡಿಯಿಂದ ಝರಿ ಫಾಲ್ಸಿಗೆ ಪ್ರವಾಸಿಗರನ್ನು ಹೊತ್ತೊಯ್ಯುವವು ಹೆಚ್ಚಾಗಿ ಅವೇ. ನಾವಿಲ್ಲಿ ಹೇಳುತ್ತಿರುವುದು ಪೆಟ್ರೋಲ್ ಗಾಡಿಗಳ ವಿಚಾರ. ಹಳೆಯ ತೋಟದ ಶೆಡ್ಡುಗಳಲ್ಲಿ ಇನ್ನೂ ಉಳಿದಿರುವ ವಿಲ್ಲೀಸ್ ಮಾದರಿಯ ಪೆಟ್ರೋಲ್ ಜೀಪುಗಳು ಒಂದು ಕಡೆ, ಅವುಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿರುವ ಮಾರುತಿ ಜಿಪ್ಸಿಗಳು ಇನ್ನೊಂದು ಕಡೆ. ಜಿಪ್ಸಿ ಬಂದದ್ದು 1985ರಲ್ಲಿ, 970 ಸಿಸಿಯ ಕಾರ್ಬುರೇಟರ್ ಎಂಜಿನ್ನಿನೊಂದಿಗೆ. 1996ರಲ್ಲಿ 1,300 ಸಿಸಿಯ ಜಿಪ್ಸಿ ಕಿಂಗ್ ಬಂತು, 2000ದಲ್ಲಿ ಎಂಪಿಎಫ್‌ಐ ಬಂತು, 2019ಕ್ಕೆ ಜನಸಾಮಾನ್ಯರಿಗೆ ಮಾರುವುದೇ ನಿಂತಿತು. ಅಂದರೆ ಇಂದು ನಮ್ಮ ರಸ್ತೆಯಲ್ಲಿರುವ ಕಾರ್ಬುರೇಟರ್ ಜಿಪ್ಸಿ ಪ್ರತಿಯೊಂದಕ್ಕೂ ಇಪ್ಪತ್ತು ವರ್ಷ ಕಳೆದಿದೆ. ಅದರೊಳಗಿನ ರಬ್ಬರ್ ಪೈಪುಗಳಿಗೂ ಹಲವು ಕಡೆ ಅಷ್ಟೇ ವಯಸ್ಸು.

ಹೊಸ ಗಾಡಿ ಕೊಳ್ಳಬಾರದೇ ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಕಾಫಿ ಗಿಡಗಳ ನಡುವಿನ ಕಿರಿದಾದ ದಾರಿ, ಜಾರುವ ಕೆಂಪು ಮಣ್ಣು, ತಿರುವಿನಲ್ಲಿ ಎರಡು ಸಲ ಹಿಂದೆ ಮುಂದೆ ಮಾಡಬೇಕಾದ ಜಾಗ ನೋಡಿದವರು ಹಾಗೆ ಕೇಳುವುದಿಲ್ಲ. ಜಿಪ್ಸಿ ಹಗುರ, ಸಣ್ಣದು, ನಾಲ್ಕೂ ಚಕ್ರ ಎಳೆಯುತ್ತದೆ, ಊರಿನ ಗ್ಯಾರೇಜಿನಲ್ಲೇ ರಿಪೇರಿ ಆಗುತ್ತದೆ. ಕೆಲಸದವರನ್ನು ಲೈನ್‌ಮನೆಯಿಂದ ತೋಟಕ್ಕೆ ಬಿಡುವುದು, ಗೊಬ್ಬರದ ಚೀಲ ಸಾಗಿಸುವುದು, ರಾತ್ರಿ ಹೊತ್ತು ಎದೆನೋವು ಬಂದವರನ್ನು ಮೂಡಿಗೆರೆಗೋ ಚಿಕ್ಕಮಗಳೂರಿಗೋ ತಲುಪಿಸುವುದು ಎಲ್ಲಕ್ಕೂ ಅದೇ. ವಾಸನೆಯ ಗಾಡಿಯಲ್ಲಿ ಕೂರುವವರು ಅದರ ಮಾಲೀಕರು ಮಾತ್ರ ಅಲ್ಲ. ಬೇಡ ಎನ್ನಲಾಗದ ಕೂಲಿಯವರು, ಶಾಲೆಯ ಮಕ್ಕಳು, ರೋಗಿಗಳು ಕೂರುತ್ತಾರೆ. ಆದ್ದರಿಂದ ಇದು ಮಾಲೀಕರ ಸ್ವಂತ ವಿಷಯ ಎಂದು ಬಿಡುವ ಹಾಗಿಲ್ಲ.

ಪೆಟ್ರೋಲಿನ ಸ್ವಭಾವ ಒಂದಿಷ್ಟು ತಿಳಿದಿರಬೇಕು. ಅದು ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಬೆಂಕಿ ಹತ್ತುವಷ್ಟು ಆವಿ ಬಿಡುತ್ತದೆ. ಅಂದರೆ ನಮ್ಮ ಡಿಸೆಂಬರಿನ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಆ ಆವಿ ಗಾಳಿಗಿಂತ ಭಾರ. ಮೇಲೆ ಹೋಗಿ ಚದುರುವುದಿಲ್ಲ, ಕೆಳಗಿಳಿದು ಮ್ಯಾಟಿನ ಅಡಿಯಲ್ಲಿ, ಶೆಡ್ಡಿನ ನೆಲದಲ್ಲಿ ಕೂರುತ್ತದೆ. ಗಾಳಿಯಲ್ಲಿ ಶೇ 1.5ರ ಆಸುಪಾಸು ಸೇರಿದರೂ ಒಂದು ಕಿಡಿ ಸಾಕು. ಸ್ಟಾರ್ಟರ್, ಬ್ಯಾಟರಿಯ ಸಡಿಲ ತಂತಿ, ಹಿಂದೆ ಕೂತ ಪ್ರವಾಸಿಯ ಸಿಗರೇಟು, ಯಾವುದರಿಂದಲಾದರೂ ಆ ಕಿಡಿ ಬರಬಹುದು.

ಹುಡುಕುವುದು ಹೇಗೆ? ಕಳಸದ ಕಡೆಯ ನಮ್ಮ ಪರಿಚಯದ ಬೆಳೆಗಾರರೊಬ್ಬರ ಜಿಪ್ಸಿಯ ಕತೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡು ಗ್ಯಾರೇಜುಗಳಲ್ಲಿ ಕಾರ್ಬುರೇಟರ್ ಬಿಚ್ಚಿ ಕಿಟ್ ಹಾಕಿದ್ದರು. ವಾಸನೆ ಹೋಗಲಿಲ್ಲ. ಮೂರನೆಯ ಕಡೆ ಇದ್ದ ವಯಸ್ಸಾದ ಮೆಕ್ಯಾನಿಕ್ ಬಾನೆಟ್ ಎತ್ತಲೇ ಇಲ್ಲ. "ವಾಸನೆ ಯಾವಾಗ ಬರುತ್ತೆ ಹೇಳಿ ಸಾರ್" ಎಂದರು. ಯೋಚಿಸಿ ನೋಡಿದರೆ, ಟ್ಯಾಂಕ್ ಫುಲ್ ಮಾಡಿಸಿದ ದಿನ, ಅದೂ ಏರು ಹತ್ತುವಾಗ ಮಾತ್ರ. ಹಾಗಾದರೆ ಮುಂದೆ ಏನೂ ಇಲ್ಲ, ಹಿಂದೆ ನೋಡೋಣ ಎಂದು ಹಿಂದಿನ ಚಕ್ರದ ಒಳಗೆ ಕೈ ಹಾಕಿ, ಒಣಗಿದ ಕೆಸರು ಕೆರೆದು ತೆಗೆದರು. ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ದಪ್ಪ ಪೈಪಿನ ಪಕ್ಕದ ಸಣ್ಣ ಗಾಳಿ ಪೈಪು ಮೇಲ್ಭಾಗದಲ್ಲಿ ಬಿರಿದಿತ್ತು. ಟ್ಯಾಂಕ್ ಅರ್ಧ ಇದ್ದಾಗ ಪೆಟ್ರೋಲ್ ಅಲ್ಲಿಗೆ ತಲುಪುತ್ತಲೇ ಇರಲಿಲ್ಲ. ಎರಡು ಬಾರಿ ಕಾರ್ಬುರೇಟರಿಗೆ ಸುರಿದ ಹಣದ ಮುಂದೆ ಆ ಪೈಪಿನ ಬೆಲೆ ಏನೇನೂ ಅಲ್ಲ.

ನಮಗೆ ಅವರ ಪ್ರಶ್ನೆ ಬಹಳ ಹಿಡಿಸಿತು. ವಾಸನೆ ಎಲ್ಲಿಂದ ಎಂದು ಮೂಗು ಹೇಳುವುದಿಲ್ಲ. ಕ್ಯಾನ್ವಾಸ್ ಗಾಡಿಯಲ್ಲಂತೂ ಗಾಳಿ ಅದನ್ನು ಎಲ್ಲೆಂದರಲ್ಲಿಗೆ ಹೊತ್ತೊಯ್ಯುತ್ತದೆ. ಯಾವಾಗ ಎನ್ನುವುದಕ್ಕೆ ಮಾತ್ರ ಉತ್ತರ ಸಿಗುತ್ತದೆ. ಒಂದು ವಾರ ಡೈರಿಯಲ್ಲಿ ಬರೆದಿಟ್ಟರೆ ಅರ್ಧ ರಿಪೇರಿ ಮುಗಿದಂತೆ.

ಟ್ಯಾಂಕ್ ತುಂಬಿದಾಗ, ಏರಿನಲ್ಲಿ, ತಿರುವಿನಲ್ಲಿ ಬಂದರೆ ಟ್ಯಾಂಕಿನ ಮೇಲ್ಭಾಗದ್ದು. ಮುಚ್ಚಳದ ರಬ್ಬರ್, ಬಾಯಿಯ ಪೈಪು, ಗೇಜಿನ ತೇಲುಗುಂಡು ಕೂರುವ ಜಾಗದ ಗ್ಯಾಸ್ಕೆಟ್ ನೋಡಬೇಕು. ಹಳೆಯ ವಿಲ್ಲೀಸ್ ಮಾದರಿಯಲ್ಲಿ ಟ್ಯಾಂಕು ಮುಂದಿನ ಸೀಟಿನ ಅಡಿಯಲ್ಲೇ ಇರುವುದರಿಂದ ಸೀಟು ಎತ್ತಿ ನೋಡುವುದು ಮೊದಲ ಕೆಲಸ.

ಓಡಿಸಿ ನಿಲ್ಲಿಸಿದ ಹತ್ತು ನಿಮಿಷಕ್ಕೆ ಬಂದರೆ ಎಂಜಿನ್ ಕಡೆಯದು. ಬಿಸಿ ಎಂಜಿನ್ನಿನ ಮೇಲೆ ಕೂತ ಕಾರ್ಬುರೇಟರಿನೊಳಗಿನ ಪೆಟ್ರೋಲ್ ಕುದಿದು ಆವಿಯಾಗುತ್ತದೆ. ಅದರ ನೀಡಲ್ ವಾಲ್ವ್ ಸವೆದಿದ್ದರೆ ಪೆಟ್ರೋಲ್ ತುಂಬಿ ಹೊರಗೇ ಹರಿಯುತ್ತದೆ. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದಾಗ ಬರುವ ಹಸಿ ವಾಸನೆ ಎರಡು ನಿಮಿಷದಲ್ಲಿ ಹೋದರೆ ಅಷ್ಟು ಹೆದರಬೇಕಾಗಿಲ್ಲ. ಹೋಗದಿದ್ದರೆ ನೋಡಿಸಬೇಕು.

ಆಯಿಲ್ ಕಡ್ಡಿ ಎಳೆದು ಮೂಸಿ. ಅದರಲ್ಲಿ ಪೆಟ್ರೋಲ್ ವಾಸನೆ ಇದ್ದು, ಆಯಿಲ್ ಮಟ್ಟ ತಾನಾಗಿ ಏರಿದ್ದರೆ ಪೆಟ್ರೋಲ್ ಪಂಪಿನ ಒಳಗಿನ ಪೊರೆ ಹರಿದು ಪೆಟ್ರೋಲ್ ಎಂಜಿನ್ ಆಯಿಲಿಗೆ ಸೇರುತ್ತಿರಬಹುದು. ಆ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ. ಎಂಪಿಎಫ್‌ಐ ಗಾಡಿಯಾದರೆ ಪಂಪು ಟ್ಯಾಂಕಿನೊಳಗೇ ಇದೆ, ಪೈಪಿನಲ್ಲಿ ಒತ್ತಡ ಹೆಚ್ಚು. ಅಲ್ಲಿ ಸಣ್ಣ ಬಿರುಕೂ ಸೋರುವುದಿಲ್ಲ, ಚಿಮ್ಮುತ್ತದೆ. ಅದಕ್ಕೆ ಮಾಮೂಲಿ ರಬ್ಬರ್ ಪೈಪು ಹಾಕಿ ಕ್ಲಿಪ್ ಬಿಗಿಯುವುದು ಅಪಾಯ.

ಓಡುವಾಗ ಮಾತ್ರ, ಹಿಂದಿನ ಪರದೆ ತೆರೆದಿದ್ದಾಗ ಬಂದರೆ ಸೈಲೆನ್ಸರಿನ ಹೊಗೆ ಒಳಗೆ ಸುತ್ತಿ ಬರುತ್ತಿರಬಹುದು. ಅದೂ ಒಳ್ಳೆಯದಲ್ಲ, ಅದರಲ್ಲಿ ಇಂಗಾಲದ ಮಾನಾಕ್ಸೈಡ್ ಇದೆ. ಇನ್ನು ಎಲ್ಲಕ್ಕಿಂತ ಮೊದಲು ಹಿಂದಿನ ಸೀಟಿನ ಕೆಳಗೆ ನೋಡಿ. ಕಳೆ ಹೊಡೆಯುವ ಮಿಷನ್ನಿಗೆಂದು ತಂದ ಪೆಟ್ರೋಲ್ ಕ್ಯಾನಿನ ಮುಚ್ಚಳ ಸಡಿಲವಾಗಿ ಗಾಡಿ ಅಪವಾದ ಹೊತ್ತ ಪ್ರಸಂಗಗಳೂ ನಮ್ಮ ಕಡೆ ಇವೆ. ಜನ ಕೂರುವ ಗಾಡಿಯೊಳಗೆ ಆ ಕ್ಯಾನ್ ಇರಲೇಬಾರದು.

ಹುಡುಕುವ ಕೆಲಸ ಬಯಲಿನಲ್ಲಿ, ಎಂಜಿನ್ ತಣಿದ ಮೇಲೆ, ಬ್ಯಾಟರಿಯ ತಂತಿ ಕಳಚಿ ಆಗಬೇಕು. ಅನುಮಾನದ ಜಾಗ ಒರೆಸಿ, ಬಿಳಿ ಕಾಗದ ಸುತ್ತಿಟ್ಟು ಸ್ವಲ್ಪ ಹೊತ್ತು ಬಿಟ್ಟರೆ ಒದ್ದೆ ಎಲ್ಲಿದೆ ಎಂದು ತಿಳಿಯುತ್ತದೆ. ಬೆಂಕಿಕಡ್ಡಿ ಗೀರಿ ನೋಡುವ ಧೈರ್ಯಶಾಲಿಗಳು ದಯವಿಟ್ಟು ದೂರ ಇರಿ. ತುಕ್ಕು ಹಿಡಿದ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವವರು ಇನ್ನೊಂದು ಮಾತು ನೆನಪಿಡಿ: ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯ, ಯಾಕೆಂದರೆ ಖಾಲಿಯಾದದ್ದರಲ್ಲಿ ಗಾಳಿ ಬೆರೆತ ಆವಿ ತುಂಬಿರುತ್ತದೆ.

ಇಷ್ಟು ನಮ್ಮ ಕೈಯಲ್ಲಿರುವ ಮಾತಾಯಿತು. ಇನ್ನು ನಮ್ಮ ಕೈ ಮೀರಿದ್ದು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿಯವರು ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಸಿಗುವ ಮಾಮೂಲಿ ಪೆಟ್ರೋಲೇ ಅದಾಯಿತು. ಎಥನಾಲ್ ಹಳೆಯ ಕಾಲದ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಬೇಗ ಹಾಳು ಮಾಡುತ್ತದೆ, ನೀರನ್ನೂ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲೇ ನಿಲ್ಲುವ ಗಾಡಿಯ ಕಬ್ಬಿಣದ ಟ್ಯಾಂಕಿಗೆ ಇದು ಒಳ್ಳೆಯ ಸುದ್ದಿಯಲ್ಲ.

ಎಲ್ಲವನ್ನೂ ಎಥನಾಲಿನ ತಲೆಗೆ ಕಟ್ಟುವವರ ಜೊತೆ ನಾವಿಲ್ಲ. ಇಪ್ಪತ್ತೈದು ವರ್ಷದ ರಬ್ಬರ್ ಯಾವ ಪೆಟ್ರೋಲ್ ಹಾಕಿದರೂ ಒಂದು ದಿನ ಬಿರಿಯಲೇಬೇಕು. ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತರಿಗೆ ಇದರಿಂದ ನಾಲ್ಕು ಕಾಸು ಸಿಗುವುದಾದರೆ ಅದೂ ಬೇಕಾದದ್ದೇ. ಆದರೆ ಸರ್ಕಾರಕ್ಕೆ ವಿಷಯ ಮೊದಲೇ ಗೊತ್ತಿತ್ತು. 2021ರ ಜೂನ್‌ನಲ್ಲಿ ಬಂದ ನೀತಿ ಆಯೋಗದ ಎಥನಾಲ್ ಮಾರ್ಗಸೂಚಿಯೇ ಹಳೆಯ ವಾಹನಗಳ ರಕ್ಷಣೆಗೆ ಇ10 ಸಿಗುತ್ತಿರಬೇಕು ಎಂದಿತ್ತು. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ವಿವರಣೆಯಲ್ಲೂ, ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದಕ್ಕೆ ಖರ್ಚು ಕಡಿಮೆ ಎಂಬ ಮಾತಿದೆ. ಖರ್ಚು ಕಡಿಮೆ ಎನ್ನುವುದು ನಿಜವೇ. ಆದರೆ ಯಾವ ರಬ್ಬರ್, ಎಲ್ಲಿ ಸಿಗುತ್ತದೆ, ಯಾರು ಹಾಕಬೇಕು? ಟಿವಿ ಚರ್ಚೆಗಳೆಲ್ಲ ಮೈಲೇಜಿನ ಜಗಳದಲ್ಲೇ ಮುಗಿದವು. ಕೊಟ್ಟಿಗೆಹಾರದ ಮೆಕ್ಯಾನಿಕ್ಕಿಗೆ ಈ ಪ್ರಶ್ನೆಗಳ ಉತ್ತರವನ್ನು ಯಾರೂ ಮುಟ್ಟಿಸಲಿಲ್ಲ.

ಹೊಗೆ ತಪಾಸಣೆಯ ಚೀಟಿ ಇದೆಯಲ್ಲ ಎನ್ನಬಹುದು. ಆ ಯಂತ್ರ ಅಳೆಯುವುದು ಸೈಲೆನ್ಸರಿನಿಂದ ಬರುವುದನ್ನು. ಟ್ಯಾಂಕಿನ ಮೇಲಿನ ಪೈಪು ಬಿರಿದದ್ದು ಅದಕ್ಕೆ ಕಾಣುವುದಿಲ್ಲ. ಇತ್ತ ಹಳೆಯ ಗಾಡಿ ಇಟ್ಟುಕೊಂಡವರಿಂದ ವಸೂಲಿ ಮಾತ್ರ ಚೆನ್ನಾಗಿ ನಡೆದಿದೆ. 15 ವರ್ಷ ದಾಟಿದ ಕಾರು, ಜೀಪಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ 10,000 ಎಂದಾಯಿತು. ಹತ್ತು ಸಾವಿರ ತೆಗೆದುಕೊಳ್ಳುವವರು ಹತ್ತು ನಿಮಿಷ ಗಾಡಿಯ ಅಡಿಗೆ ಬಗ್ಗಿ ಪೈಪುಗಳನ್ನು ನೋಡಲಿ, ಏನು ಬದಲಿಸಬೇಕು ಎಂದು ಚೀಟಿ ಬರೆದು ಕೊಡಲಿ ಎಂದು ಕೇಳುವುದು ಅತಿಯಾಸೆಯೇ?

ನಮ್ಮ ಬೇಡಿಕೆ ದೊಡ್ಡದಲ್ಲ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ಮೂಡಿಗೆರೆ ಮತ್ತು ಕಳಸದಲ್ಲಿ ಒಂದೊಂದು ದಿನ ಹಳೆಯ ಪೆಟ್ರೋಲ್ ವಾಹನಗಳ ಉಚಿತ ತಪಾಸಣೆ ನಡೆಯಲಿ. ಸಾರಿಗೆ ಇಲಾಖೆ ಮತ್ತು ತೈಲ ಕಂಪನಿಗಳು ಸೇರಿ ನಡೆಸಬಹುದು. ಊರಿನ ಮೆಕ್ಯಾನಿಕ್‌ಗಳನ್ನು ಅಲ್ಲಿಗೆ ಕರೆದು, ಎಥನಾಲ್ ತಡೆಯುವ ಪೈಪು ಯಾವುದು, ತಡೆಯದ್ದು ಯಾವುದು ಎಂದು ಕೈಯಲ್ಲಿ ಕೊಟ್ಟು ತೋರಿಸಲಿ. ಇ10 ಬೇಕಾದವರಿಗೆ ತಾಲ್ಲೂಕಿಗೆ ಒಂದು ಬಂಕಿನಲ್ಲಾದರೂ ಅದು ಸಿಗಲಿ. ಬಿಡಿಭಾಗದ ಅಂಗಡಿಯವರು ಮೀಟರ್ ಲೆಕ್ಕದ ಗುರುತಿಲ್ಲದ ಪೈಪಿನ ಬದಲು ಮೇಲೆ ದರ್ಜೆ ಅಚ್ಚಾದ ಪೈಪು ಇಡಲಿ. ಎಂಪಿಎಫ್‌ಐ ಗಾಡಿಯವರು ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವುದನ್ನು ಕೇಳಿ ಪಡೆಯಬಹುದು.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಮಾಡೋಣ. ಐದು ವರ್ಷಕ್ಕಿಂತ ಹಳೆಯದಾದ ಪೆಟ್ರೋಲ್ ಪೈಪುಗಳನ್ನು ಬಿರಿಯುವ ಮುಂಚೆಯೇ, ಕ್ಲಿಪ್ಪುಗಳ ಸಮೇತ, ಎಲ್ಲವನ್ನೂ ಒಮ್ಮೆಗೇ ಬದಲಿಸಿ. ಗಾಡಿಯಲ್ಲಿ ಬೆಂಕಿ ನಂದಿಸುವ ಸಣ್ಣ ಸಿಲಿಂಡರ್ ಇಡಿ. ಹಿಂದೆ ಕೂತ ಕೆಲಸದಾಕೆಯೋ ಮಗುವೋ "ವಾಸನೆ ಬರ್ತಿದೆ" ಎಂದರೆ "ಹಳೇ ಗಾಡಿ ಮಾರಾಯ್ತಿ, ಹಂಗೇ" ಎಂದು ಬಾಯಿ ಮುಚ್ಚಿಸಬೇಡಿ. ಗಾಡಿ ನಿಲ್ಲಿಸಿ, ಕೀಲಿ ತೆಗೆದು, ಅವರನ್ನು ಇಳಿಸಿ, ಆಮೇಲೆ ಹುಡುಕಿ.